ಬೀಗರ ಬಾಯಿ ಮುಚ್ಚಿಸುವ ವಿದ್ಯೆ

ಹೋದ ತಿಂಗಳು ನಮ್ಮ ಮನೆಯಲ್ಲಿ ಮಾತಾಡಿದ್ದು ನಾನೊಬ್ಬನೇ.

ಈ ಅಂಕಣವನ್ನು ತಪ್ಪದೆ ಓದುವವರು ಈ ಸಾಲು ಓದಿ ಪೇಪರ್ ಕೆಳಗಿಟ್ಟು ನಗುತ್ತಿರಬಹುದು. ಯಾಕೆಂದರೆ ಗಿರಿಜಾ ನಿಮಗೆ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ಗಿರಿಜಾ ನನ್ನ ಹೆಂಡತಿ. ಶೆಟ್ಟಿಕೆರೆಯ ಹುಡುಗಿ. (ಅಜ್ಜಿಯಾದವಳನ್ನು ಹುಡುಗಿ ಅನ್ನಬಹುದಾ? ನಾನು ಅನ್ನುತ್ತೇನೆ, ನಿಮಗೇನು ಕಷ್ಟ?) ಅವಳು ಕುಕ್ಕರ್ ಜೊತೆ ಮಾತಾಡುತ್ತಾಳೆ. ಹಸು ಜೊತೆ ಮಾತಾಡುತ್ತಾಳೆ. ಸೀರಿಯಲ್ಲಿನಲ್ಲಿ ಅಳುವ ಸೊಸೆಗೆ ಎದುರಿಗೇ ಕೂತು ಬುದ್ಧಿ ಹೇಳುತ್ತಾಳೆ. ಬಿಳಿಗೆರೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ತೆಂಗಿನ ತೋಟ ಇದೆ. ಹಿತ್ತಿಲಲ್ಲಿ ನಿಂತು ಅವಳು "ರೀ..." ಅಂದರೆ ತೋಟದ ಆ ತುದಿಯಲ್ಲಿ ಕಾಯಿ ಕೀಳುತ್ತಿರುವವನು ಮರದ ಮೇಲಿಂದಲೇ "ಏನಕ್ಕಾ?" ಅನ್ನುತ್ತಾನೆ. ಅಂಥಾ ಗಂಟಲು.

ಆ ಗಂಟಲಿಗೇ ಬೀಗ ಬಿತ್ತು.

ಮೊದಲು ಧ್ವನಿ ಕಟ್ಟಿತು. ಶೀತ ಅಂದುಕೊಂಡೆವು. ಮೆಣಸಿನ ಕಷಾಯ ಆಯ್ತು, ಅರಿಶಿನದ ಹಾಲು ಆಯ್ತು, ಪಕ್ಕದ ಮನೆಯವರು ಹೇಳಿದ ಅಮೃತಬಳ್ಳಿಯೂ ಆಯ್ತು. ಧ್ವನಿ ಮಾತ್ರ ದಿನದಿಂದ ದಿನಕ್ಕೆ ಒರಟಾಗುತ್ತಾ ಹೋಯಿತು. ಕೊನೆಗೆ ತುಮಕೂರಿನಲ್ಲಿ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, "ಧ್ವನಿತಂತು ಮೇಲೊಂದು ಗಂಟಿದೆ, ತೆಗೆಯಬೇಕು, ತೆಗೆದು ಟೆಸ್ಟಿಗೆ ಕಳಿಸಬೇಕು" ಅಂದರು. ತೆಗೆದರು. ಮತ್ತೆ ಹೇಳಿದರು: "ನಾನು ಹೇಳುವವರೆಗೂ ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ."

"ಧ್ವನಿ ಮೊದಲಿನ ಹಾಗೇ ಬರುತ್ತಾ ಡಾಕ್ಟ್ರೇ?" ಅಂತ ಕೇಳಿದೆ.

"ನೋಡೋಣ" ಅಂದರು.

ಡಾಕ್ಟರ ಬಾಯಲ್ಲಿ "ನೋಡೋಣ" ಕೇಳಿದವರಿಗೆ ಆ ಪದದ ತೂಕ ಗೊತ್ತಿರುತ್ತದೆ. ಟೆಸ್ಟಿನ ರಿಪೋರ್ಟ್ ನಮ್ಮ ದೇವರ ದಯೆಯಿಂದ ಒಳ್ಳೆಯದೇ ಬಂತು. ಕೆಟ್ಟ ಗಂಟಲ್ಲ. ಪ್ರಾಣಕ್ಕೆ ಭಯವಿಲ್ಲ. ಆದರೆ ಧ್ವನಿ? ಅದು ನೋಡೋಣದಲ್ಲೇ ಉಳಿಯಿತು.

ಮೊದಲ ದಿನ ನಾನು (ಸುಳ್ಳು ಯಾಕೆ ಹೇಳಲಿ) ಒಳಗೊಳಗೇ ಖುಷಿಪಟ್ಟೆ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಡೆಯಿಲ್ಲದೆ ಓದಿದೆ. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅನ್ನ ಅಗಿಯುವ ಸದ್ದು ನನಗೇ ಕೇಳಿಸಿತು. ಅವತ್ತಿನಿಂದ ಪೇಪರ್ ರುಚಿಸಲಿಲ್ಲ. ಊಟವೂ ರುಚಿಸಲಿಲ್ಲ. ಮನೆ ತುಂಬ ಜನ ಇದ್ದು ಎಲ್ಲರೂ ಒಟ್ಟಿಗೇ ಎದ್ದು ಹೋದಂತಾಗಿತ್ತು. ಅರಸೀಕೆರೆಗೆ ಕೊಟ್ಟಿರುವ ಮಗಳು ಸಹನಾ ಬಂದು ಸ್ವಲ್ಪ ದಿನ ಇದ್ದು ಹೋದಳು. ಅವಳು ಹೋದ ಮೇಲೆ ಮತ್ತೆ ಅದೇ.

ಆಗ ಅಟ್ಟ ಹತ್ತಿದೆ.

ನಮ್ಮ ಕಡೆ ಮನೆಗಳ ಅಟ್ಟದಲ್ಲಿ ಏನಿರುತ್ತದೆ ಅಂತ ಹೇಳಬೇಕಿಲ್ಲ. ಕಾಯಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೊಬ್ಬರಿ ಗಿಟುಕಾಗುವವರೆಗೂ ಅವು ಅಲ್ಲೇ ತಪಸ್ಸು. ಆ ರಾಶಿಯ ಹಿಂದೆ, ಗೋಣಿಚೀಲದಲ್ಲಿ ಸುತ್ತಿಟ್ಟ ನನ್ನ ಗಿಟಾರ್. ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿ ರಿಟೈರ್ ಆದವನು ಅಂತ ನಿಮಗೆ ಗೊತ್ತು. ಅದಕ್ಕೂ ಮುಂಚೆ ತಿಪಟೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿದವನು ಅಂತ ಹೇಳಿರಲಿಲ್ಲ. ಹೇಳಿದರೆ ನೀವು ನುಡಿಸಿ ಅಂತೀರಿ. ಆಮೇಲೆ ಮರ್ಯಾದೆ ಹೋಗುವುದು ನನ್ನದೇ ತಾನೆ?

ತಂತಿ ಎಲ್ಲಾ ತುಕ್ಕು ಹಿಡಿದಿದ್ದವು. ಚೆಕಪ್ಪಿಗೆ ತುಮಕೂರಿಗೆ ಹೋದಾಗ ಹೊಸ ಸೆಟ್ ತಂದು ಹಾಕಿ, ಶ್ರುತಿ ಮಾಡಿ, ಜಗುಲಿ ಮೇಲೆ ಕೂತು ಶುರು ಮಾಡಿದೆ. ನಿಧಾನಕ್ಕೆ ನುಡಿಸಿದಾಗ ಪರವಾಗಿಲ್ಲ, ಬೆರಳು ಮರೆತಿಲ್ಲ ಅನ್ನಿಸಿತು. ಜಂಬ ಬಂತು. ಸ್ಪೀಡ್ ಏರಿಸಿದೆ.

ಅಯ್ಯೋ ರಾಮ!

ಗಿಟಾರ್ ಹಿಡಿಯದವರಿಗೆ ಒಂದು ವಿಷಯ ಹೇಳಬೇಕು. ಅದಕ್ಕೆ ಆರು ತಂತಿ. ಸರಸರ ಓಡುವ ಒಂದು ಬಿಟ್ ನುಡಿಸುವಾಗ ಒಂದು ಕ್ಷಣಕ್ಕೆ ಕೆಲಸ ಇರುವುದು ಒಂದು ತಂತಿಗೆ. ಉಳಿದವಕ್ಕೆ ರಜ. ರಜದಲ್ಲಿರುವವರು ಸುಮ್ಮನಿರುತ್ತಾರಾ? ಪಕ್ಕದ ತಂತಿ ನಡುಗಿದರೆ ತಾವೂ ನಡುಗುತ್ತವೆ. ಬೆರಳೆತ್ತುವಾಗ ಒಂದು ಚೂರು ತಾಗಿದರೂ ಸಾಕು, "ಗುಂಯ್" ಅನ್ನುತ್ತವೆ. ನಿಧಾನದ ಹಾಡಿನಲ್ಲಿ ಅದು ಇಂಪಾಗಿಯೇ ಇರುತ್ತದೆ. ಸ್ಪೀಡಿನಲ್ಲಿ ಮಾತ್ರ ಸ್ವರ ಯಾವುದು, ಗದ್ದಲ ಯಾವುದು ತಿಳಿಯದೆ ಎಲ್ಲಾ ಕಲಸುಮೇಲೋಗರ. ಬೇಕಾದ ತಂತಿ ನುಡಿಸುವುದು ಅರ್ಧ ವಿದ್ಯೆ. ಬೇಡದ ತಂತಿಯನ್ನು ಸುಮ್ಮನಿರಿಸುವುದು ಇನ್ನರ್ಧ.

ಈಗಿನ ಹುಡುಗರು ಇದಕ್ಕೆ ಮ್ಯೂಟಿಂಗ್ ಅನ್ನುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿಯುತ್ತಾರೆ. ನಮ್ಮ ಆರ್ಕೆಸ್ಟ್ರಾದಲ್ಲಿ ಆ ಪದ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಅದರ ಹೆಸರು "ಬೀಗರ ಬಾಯಿ ಮುಚ್ಚಿಸೋದು".

ಹೆಸರಿಟ್ಟವನು ರಫೀಕ್. ನಮ್ಮ ಲೀಡ್ ಗಿಟಾರಿಸ್ಟ್. ಹಗಲು ಟೈಲರ್, ಪ್ರೋಗ್ರಾಂ ಇದ್ದ ದಿನ ಹೀರೋ. ತನ್ನ ಪ್ಯಾಂಟಿನ ಬೆಲ್ ಬಾಟಮ್ಮನ್ನು ಊರಿಗೆಲ್ಲ ಫ್ಯಾಷನ್ ಹೋದ ಮೇಲೂ ಬಿಡದೆ ಹಾಕಿಕೊಂಡವನು. "ನನ್ನಂಗೆ ನುಡ್ಸೋನು ಈ ಜಿಲ್ಲೆಲೇ ಇಲ್ಲ ಕಣ್ಲಾ" ಅಂತ ತಾನೇ ಹೇಳಿಕೊಳ್ಳುತ್ತಿದ್ದ. (ನಿಜವೂ ಆಗಿತ್ತು. ಅದೇ ನಮಗೆ ಹೊಟ್ಟೆಕಿಚ್ಚು.) ಅವನ ವಾದ ಇಷ್ಟು: "ಯಾರೂ ಮುಟ್ದೇ ಇದ್ರೂ ಮಾತಾಡೋರು ಯಾರ್ಲಾ? ಮದ್ವೆ ಮನೇಲಿ ಬೀಗರು. ಸಾರಿಗೆ ಉಪ್ಪು ಕಮ್ಮಿ ಅಂತಾರೆ, ಕುರ್ಚಿ ಕುಂಟ್ತದೆ ಅಂತಾರೆ, ಕೇಳ್ದೋರು ಯಾರು? ಈ ತಂತಿಗಳೂ ಹಂಗೇಯ. ಮರ್ಯಾದೆಯಿಂದ ಕೂರ್ಸಿ, ಬಾಯಿ ಮುಚ್ಸಬೇಕು."

ನಾನು ಅವನ ಶಿಷ್ಯ. ರಿದಂ ಗಿಟಾರ್ ನನ್ನದು. ಅಂದರೆ ಹಿಂದೆ ನಿಂತು ಜಿಂಗ್‌ಚಕ್ ಅನ್ನಿಸುವ ಕೆಲಸ. ಲೀಡ್ ಕಲಿಸು ಅಂತ ಕಾಡಿ ಬೇಡಿ, ಸಂಜೆ ಅವನ ಅಂಗಡಿಯಲ್ಲಿ ಕೂರುತ್ತಿದ್ದೆ. ಅವನು ಮೆಷಿನ್ ತುಳಿಯುತ್ತಿದ್ದ. ಆ ಮೆಷಿನ್ನೇ ತಾಳ. ಅದರ ಸದ್ದಿನ ಮೇಲೆ ನಾನು ನುಡಿಸಬೇಕು. ಅಂಗಿಯ ಉದ್ದ ಹೊಲಿಗೆ ಬಂದರೆ ಸ್ಪೀಡೋ ಸ್ಪೀಡು. ಕಾಲರ್ ಬಂದರೆ ಬಚಾವ್. ಒಂದು ತಂತಿ "ಗುಂಯ್" ಅಂದರೂ ಮೆಷಿನ್ ನಿಲ್ಲುತ್ತಿತ್ತು.

"ಬೀಗರು!" ಅನ್ನುತ್ತಿದ್ದ ತಲೆ ಎತ್ತದೆ.

ದಪ್ಪ ತಂತಿಗಳ ಮೇಲೆ ಬಲಗೈ ಅಂಗೈಯ ಅಂಚನ್ನು ಮಲಗಿಸಬೇಕು. ಎಡಗೈ ತೋರುಬೆರಳು ಒಂದು ತಂತಿಯನ್ನು ಒತ್ತುವಾಗಲೇ ಅದರ ತುದಿ ಮೇಲಿನ ತಂತಿಗೆ ತಾಗಿರಬೇಕು, ಬೆರಳಿನ ಹೊಟ್ಟೆಭಾಗ ಕೆಳಗಿನ ತಂತಿಗಳ ಮೇಲೆ ಒರಗಿರಬೇಕು. ಒತ್ತಬಾರದು, ತಾಗಬೇಕು ಅಷ್ಟೇ. ಇನ್ನು ಬೆರಳು ತೆಗೆಯುವಾಗ ಟಕ್ಕಂತ ಎತ್ತಬಾರದು. "ಬೆರಳ್ನ ಎತ್ಬೇಡ ಕಣ್ಲಾ, ಸಡ್ಲ ಬುಡು. ಮಲಗಿರೋ ಮಗು ಕೆಳಗಿಂದ ಕೈ ತಗೀತಾರಲ್ಲ, ಹಂಗೆ" ಅನ್ನುತ್ತಿದ್ದ. ಕೇಳುವುದಕ್ಕೆ ಸುಲಭ. ಮಾಡಿ ನೋಡಿ.

ನನಗೆ ಅದು ಪೂರ್ತಿ ಒಲಿಯಲೇ ಇಲ್ಲ. ಒಲಿಯದಿದ್ದರೇನು, ಅದೆಂಥಾ ದಿನಗಳು! ಮೆಟಡೋರ್ ವ್ಯಾನಿನಲ್ಲಿ ಸ್ಪೀಕರುಗಳ ಮಧ್ಯೆ ಮಡಿಚಿಕೊಂಡು ಕೂತು ಹುಳಿಯಾರು, ಕೆಂಕೆರೆ, ಚಿಕ್ಕನಾಯಕನಹಳ್ಳಿ ಎಲ್ಲಾ ಸುತ್ತಿದ್ದೇವೆ. ಎಲ್ಲಿ ಹೋದರೂ ತಾಂಬೂಲ ಅಂತ ಕಾಯಿ ಕೊಡುತ್ತಿದ್ದರು. ವಾಪಸ್ ಬರುವಾಗ ವ್ಯಾನಿನಲ್ಲಿ ನಮಗಿಂತ ಕಾಯಿಗೇ ಜಾಗ ಜಾಸ್ತಿ. ತಿರುವಿನಲ್ಲಿ ಅವು ಉರುಳಿ ಡ್ರಮ್ಮಿಗೆ ಬಡಿದು ಢಂ ಅಂದಾಗ, ಕೀಬೋರ್ಡ್ ನುಡಿಸುತ್ತಿದ್ದ ಶಿವಣ್ಣ ನಿದ್ದೆಯಲ್ಲೇ "ತಾಳ ತಪ್ತು" ಅನ್ನುತ್ತಿದ್ದ. ಶಿವಣ್ಣ ಈಗಿಲ್ಲ. ಎಷ್ಟು ನಗಿಸುತ್ತಿದ್ದ ಪುಣ್ಯಾತ್ಮ. 

ಆ ಶಿವಣ್ಣನೇ ತುರುವೇಕೆರೆಯ ಮದುವೆಯಲ್ಲಿ ನಮ್ಮೆಲ್ಲರ ಪ್ರಾಣ ತೆಗೆದವನು.

ಆರತಕ್ಷತೆ. ಹೆಣ್ಣಿನ ಕಡೆಯವರು ನಮ್ಮನ್ನು ಕರೆಸಿದ್ದರು. ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ಒಂದು ಜೋರು ಹಾಡಿನ ಮಧ್ಯೆ ರಫೀಕನ ಗಿಟಾರ್ ಬಿಟ್. ಕೇಳಿದವರು ಬಾಯಿ ತೆರೆದುಕೊಂಡು ನೋಡುವಂಥದ್ದು. ಅವತ್ತು ಅವನು ಬೆರಳಿಗೆ ಸೂಜಿ ಚುಚ್ಚಿಕೊಂಡು ಪಟ್ಟಿ ಕಟ್ಟಿದ್ದ. ಆ ಪಟ್ಟಿ ತಂತಿಗೆ ಸರಿಯಾಗಿ ತಾಗದೆ, ಖಾಲಿ ತಂತಿಗಳೆಲ್ಲ ಒಟ್ಟಿಗೇ ಗುಂಯ್‌ಗುಡಲು ಶುರು ಮಾಡಿದವು. ಸ್ಪೀಕರಿನಲ್ಲಿ ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯ್ತು. ಶಿವಣ್ಣ ತಡೆಯಲಾರದೆ ಕೂಗಿದ. ತನ್ನ ಮುಂದಿನ ಮೈಕ್ ಆನ್ ಇರುವುದನ್ನು ನೋಡಿರಲಿಲ್ಲ.

"ಲೇ ರಫೀಕಾ, ಮೊದ್ಲು ಆ ಬೀಗರ ಬಾಯಿ ಮುಚ್ಸಲಾ!"

ಇಡೀ ಮಂಟಪಕ್ಕೆ ಕೇಳಿಸಿತು.

ಮದುವೆ ಮನೆ. ಬೀಗರು. ಮೈಕು. ಇನ್ನೇನು ಬೇಕು ಹೇಳಿ?

ಗಂಡಿನ ಅಪ್ಪ ಮುಂದಿನ ಸಾಲಿನಿಂದ ಎದ್ದರು. ಹುರಿಮೀಸೆ, ಆಳೆತ್ತರ. "ಯಾವನ್ಲಾ ಅವ್ನು, ಬೀಗರ ಬಾಯಿ ಮುಚ್ಸೋನು? ಏಳ್ರೋ ಎಲ್ಲಾ. ಒಬ್ರೂ ಎಲೆ ಮುಂದೆ ಕೂರಂಗಿಲ್ಲ" ಅಂದರು. ಗಂಡಿನ ಕಡೆಯವರು ಸಾಲುಸಾಲಾಗಿ ಎದ್ದು ನಿಂತರು. ಹೆಣ್ಣಿನ ಅಪ್ಪ ಕೈ ಮುಗಿದುಕೊಂಡು ಓಡಿ ಬಂದರು, ಅವರ ಶಲ್ಯ ಹಿಂದೆ ನೆಲ ಗುಡಿಸುತ್ತಿತ್ತು. ವೇದಿಕೆ ಮೇಲೆ ಮದುಮಗಳ ಕಣ್ಣಲ್ಲಿ ನೀರು. ರಫೀಕ್ ಸ್ಪೀಕರ್ ಹಿಂದೆ ಕೂತ. ಶಿವಣ್ಣ ಕೀಬೋರ್ಡಿನ ಕೆಳಗೆ ಬಗ್ಗಿ ಇಲ್ಲದ ಸ್ವಿಚ್ ಹುಡುಕತೊಡಗಿದ. ಕೊರಳಲ್ಲಿ ಗಿಟಾರ್ ನೇತು ಹಾಕಿಕೊಂಡು ಎಲ್ಲೂ ಹೋಗಲಾರದೆ ನಿಂತವನು ನಾನು.

ಆಗ ಗಂಡಿನ ಕಡೆಯಿಂದ ಒಂದು ಹುಡುಗಿ ದಡದಡ ಮೆಟ್ಟಿಲು ಹತ್ತಿ ನೇರ ನನ್ನ ಎದುರಿಗೇ ಬಂದು ನಿಂತಳು.

"ಯಾವ್ ಬೀಗರ ಬಾಯಿ ಮುಚ್ಸೋದು? ತೋರ್ಸಿ ನಂಗೆ!"

ಮೈಕ್ ಬೇಕಾಗಿರಲಿಲ್ಲ ಅವಳಿಗೆ. ನಾನು ಒಂದು ತಂತಿ ಒತ್ತಿ ಮೀಟಿದೆ. ಪಕ್ಕದ್ದು ತಾನೇ ಗುಂಯ್ ಅಂದಿತು. "ನೋಡಿ, ಇದನ್ನ ನಾನು ಮುಟ್ಟೇ ಇಲ್ಲ. ಇಂಥವಕ್ಕೆ ನಾವು ಬೀಗರು ಅಂತೀವಿ" ಅಂದೆ. ಅವಳು ಬಗ್ಗಿ, ಕಾಯಿ ಬಲಿತಿದೆಯಾ ಅಂತ ಕಿವಿ ಹತ್ತಿರ ಅಲ್ಲಾಡಿಸಿ ನೋಡುವವರ ಹಾಗೆ ತಂತಿಗೆ ಕಿವಿಗೊಟ್ಟಳು. ಇನ್ನೊಂದು ಸಲ ಮೀಟಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದೊಡ್ಡಪ್ಪಾ, ನಿಮಗಲ್ಲ ಅಂದಿದ್ದು! ಈ ತಂತಿಗಂತೆ!"

"ತಂತಿಗ್ಯಾಕ್ಲಾ ಬೀಗರು ಅಂತ ಹೆಸ್ರು?" ಅಂದರು ದೊಡ್ಡಪ್ಪ, ಮೀಸೆ ಇಳಿಸದೆ.

ನಾವು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಶಿವಣ್ಣ ಕೀಬೋರ್ಡ್ ಕೆಳಗಿನಿಂದ ತಲೆ ಎತ್ತಿ, ಇನ್ನೂ ಆನ್ ಇದ್ದ ಅದೇ ಮೈಕಿನಲ್ಲಿ, ಸತ್ಯಹರಿಶ್ಚಂದ್ರನ ಹಾಗೆ ಹೇಳಿದ: "ಕರೀದೇ ಇದ್ರೂ ಮಾತಾಡ್ತವೆ ಸ್ವಾಮಿ, ಅದ್ಕೆ."

ಹೆಣ್ಣಿನ ಅಪ್ಪ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಮೊದಲು ನಕ್ಕಿದ್ದು ಹೆಂಗಸರ ಕಡೆ ಕೂತಿದ್ದ ಒಬ್ಬ ಬೊಚ್ಚುಬಾಯಿ ಅಜ್ಜಿ. ಗಂಡಿನ ಕಡೆಯ ಅಜ್ಜಿಯೇ! "ಸುಳ್ಳೇನೈತೆ ಅದ್ರಲ್ಲಿ?" ಅಂದಿತು. ಅಲ್ಲಿಂದ ನಗು ಒಂದೊಂದೇ ಸಾಲು ದಾಟಿ ಮುಂದೆ ಬಂತು. ಕೊನೆಗೆ ಆ ಮೀಸೆಯ ಕೆಳಗೂ ಬಂತು. ಎಲ್ಲರೂ ಊಟಕ್ಕೆ ಕೂತರು. ಉಪ್ಪು ಕಮ್ಮಿ ಅಂತ ಅವತ್ತು ಒಬ್ಬ ಬೀಗರೂ ಅನ್ನಲಿಲ್ಲ.

ಆ ಹುಡುಗಿ ಮಾತ್ರ ಇನ್ನೂ ಇಳಿದಿರಲಿಲ್ಲ. ಸ್ಪೀಕರ್ ಹಿಂದಿನಿಂದ ಎದ್ದು ಬಂದು, ಟೈಲರ್ ಬೆರಳು, ಸೂಜಿ ಚುಚ್ಚಿತ್ತು ಅಂತ ಸಬೂಬು ಹೇಳಿದ ರಫೀಕನಿಗೆ, "ಟೈಲರ್ ಅಂತೀರಾ, ಅಲ್ಲೊಂದು ಚೂರು ಬಟ್ಟೆ ಸುತ್ತಿದ್ರೆ ಆಗಲ್ವಾ?" ಅಂದಳು. ಅಂದವಳೇ ತನ್ನ ಜಡೆಯ ಟೇಪು ಬಿಚ್ಚಿ ಕೊಟ್ಟಳು. ರಫೀಕ್ ಅದನ್ನು ಗಿಟಾರಿನ ತಲೆಯ ಹತ್ತಿರ ತಂತಿಗಳ ಸುತ್ತ ಸುತ್ತಿದ. ನುಡಿಸಿದ. ಆ ಬಿಟ್ ನೀರಿನ ಹಾಗೆ ಹರಿಯಿತು, ಒಂದು ಗುಂಯ್ ಇಲ್ಲ.

ಟೇಪು ವಾಪಸ್ ಕೊಡುವ ನೆಪದಲ್ಲಿ ನಾನು ಶೆಟ್ಟಿಕೆರೆ ಬಸ್ಸು ಹತ್ತಿದೆ. ಕೊಟ್ಟೆನಾ? ಒಂದೇ ಸಲಕ್ಕೆ ಕೊಟ್ಟುಬಿಟ್ಟರೆ ಮತ್ತೆ ಹೋಗುವುದು ಹೇಗೆ? ಮುಂದಿನದು ಮದುವೆ, ಮಗಳು, ಟ್ರಾನ್ಸ್‌ಫರ್, ತೋಟ. ನನಗೆ ಮೇಷ್ಟ್ರ ಕೆಲಸ ಸಿಕ್ಕಿತು, ಗಿಟಾರ್ ಅಟ್ಟ ಸೇರಿತು. ಮನೆ ತುಂಬಾ ಗಿರಿಜಾಳ ಮಾತು. ಕ್ಲಾಸಿನಲ್ಲಿ ದಿನವಿಡೀ "ಸೈಲೆನ್ಸ್" ಅಂತ ಕೂಗಿ ಬಂದವನಿಗೆ ಆ ಮಾತಿನ ಕೆಳಗೆ ಕೂತು ಕಾಫಿ ಕುಡಿದರೇ ಸುಸ್ತು ಇಳಿಯುತ್ತಿದ್ದದ್ದು. ಅದನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಇಂಥವನ್ನೆಲ್ಲ ಯಾರು ಹೇಳುತ್ತಾರೆ?

ಇರಲಿ, ಹೋದ ತಿಂಗಳಿಗೆ ಬರೋಣ.

ಗಿರಿಜಾಳಿಗೆ ಆಪರೇಷನ್ ಆದ ಸುದ್ದಿ ತಿಳಿದು ರಫೀಕ್ ನೋಡಲು ಬಂದ. ಗಡ್ಡ ಬೆಳ್ಳಗಾಗಿದೆ, ಅಂಗಡಿ ಮಗನ ಕೈಗೆ ಹೋಗಿದೆ, ಜಂಬ ಮಾತ್ರ ಹಾಗೇ ಇದೆ. ನಾನು ಜಗುಲಿಯಲ್ಲಿ ನುಡಿಸುತ್ತಿದ್ದವನು ಅವನನ್ನು ಕಂಡು ನಿಲ್ಲಿಸಿದೆ.

"ಇನ್ನೂ ಬೀಗರ್ನ ಸಾಕ್ತಿದ್ದೀಯಲ್ಲೋ ಮೇಷ್ಟ್ರೇ!" ಅಂದ.

ಗಿರಿಜಾ ಬಾಯಿ ಮೇಲೆ ಸೆರಗಿಟ್ಟುಕೊಂಡು ಸದ್ದಿಲ್ಲದೆ ನಕ್ಕಳು. ಅವಳು ಹಾಗೆ ಸದ್ದಿಲ್ಲದೆ ನಗುವುದನ್ನು ನೋಡಿ ರಫೀಕನ ಮುಖ ಸಣ್ಣಗಾಯಿತು. "ಭಾಬಿ, ನೀವ್ ಬೈದೇ ಇದ್ರೆ ನಾನ್ ಕಾಫಿ ಕುಡಿಯಲ್ಲ" ಅಂತ ತಮಾಷೆ ಮಾಡಿದ. ಅವಳು ಲೋಟ ಅವನ ಮುಂದೆ ಕುಕ್ಕಿದಳು. "ಆಯ್ತು, ಇದು ಬೈದಂಗೇ ಆಯ್ತು" ಅಂತ ಕುಡಿದ. ಹೊರಡುವಾಗ ಗೇಟಿನ ಹತ್ತಿರ ನನ್ನ ಹೆಗಲು ಹಿಡಿದು, "ಧ್ವನಿ ಬತ್ತದಲ್ವೇನ್ಲಾ?" ಅಂತ ಕೇಳಿದ. ನನ್ನ ಬಾಯಿಂದಲೂ "ನೋಡೋಣ" ಅಂತಲೇ ಬಂತು.

ಕೊನೆಗೂ ಆ ದಿನ ಬಂತು. ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿ, "ಗಾಯ ಒಣಗಿದೆ. ಮಾತಾಡಿ ಅಮ್ಮ, ಮೆಲ್ಲಗೆ. ಎಲ್ಲಿ, ನಿಮ್ಮ ಹೆಸರು ಹೇಳಿ?" ಅಂದರು. ಗಿರಿಜಾ ನನ್ನ ಮುಖ ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು. ತಲೆ ಅಲ್ಲಾಡಿಸಿದಳು.

"ಹೆದರಿಕೆ ಇರುತ್ತೆ. ಮನೆಗೆ ಹೋಗಿ ನಿಧಾನಕ್ಕೆ ಶುರು ಮಾಡಿ. ಸ್ವಲ್ಪ ಬದಲಾವಣೆ ಇರಬಹುದು, ಗಾಬರಿ ಆಗಬೇಡಿ" ಅಂದರು.

ಬಸ್ಸಿನಲ್ಲಿ ಮಾತಾಡುತ್ತಾಳೆ ಅಂದುಕೊಂಡೆ. ಇಲ್ಲ. ಮನೆಗೆ ಬಂದ ಮೇಲೆ? ಇಲ್ಲ. ಮಾರನೇ ದಿನ, ಅದರ ಮಾರನೇ ದಿನ, ಊಹ್ಞೂಂ. ಒಂದು ಬೆಳಿಗ್ಗೆ ಕೊಟ್ಟಿಗೆ ಕಡೆಯಿಂದ ಗರಗರ ಅಂತ ಏನೋ ಕೇಳಿಸಿ ಹೋಗಿ ನೋಡಿದೆ. ಗಿರಿಜಾ ಹಸುವಿನ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹಸು ಮೇವು ಬಿಟ್ಟು, ಕಿವಿ ನಿಮಿರಿಸಿಕೊಂಡು, ಹಗ್ಗದ ಉದ್ದಕ್ಕೂ ಹಿಂದೆ ಸರಿದಿತ್ತು. ದಿನಾ ಹೆಸರು ಹಿಡಿದು ಕರೆದವಳ ಧ್ವನಿ ಅದಕ್ಕೆ ಗುರುತು ಸಿಕ್ಕಿರಲಿಲ್ಲ.

ಆಗ ಅರ್ಥವಾಯಿತು. ಧ್ವನಿ ಬಂದಿದೆ. ಅವಳದ್ದಲ್ಲ. ಅದಕ್ಕೇ ಇವಳು ಬಾಯಿ ಬಿಡುತ್ತಿಲ್ಲ.

"ಹೆಂಗಿದ್ರೂ ಪರ್ವಾಗಿಲ್ಲ, ಮಾತಾಡೇ" ಅಂದೆ. ಇಲ್ಲ ಅಂತ ತಲೆಯಾಡಿಸಿದಳು. ಇನ್ನು ಮೇಲೆ ಇಷ್ಟೇನಾ? ಬದುಕಿರುವಷ್ಟು ದಿನ ಈ ಮನೆಯಲ್ಲಿ ನಾನೊಬ್ಬನೇ ಮಾತಾಡಿಕೊಂಡಿರಬೇಕಾ? ನನಗೆ ಭಯವಾಯಿತು ಕಣ್ರೀ. ನಿಜವಾಗಲೂ ಭಯವಾಯಿತು. ರಿಪೋರ್ಟಿಗೆ ಕಾಯುವಾಗಲೂ ಅಷ್ಟು ಆಗಿರಲಿಲ್ಲ.

ಗಂಡಸರಿಗೆ ಭಯವಾದರೆ ಏನು ಮಾಡುತ್ತಾರೆ? ಬೇರೆ ಏನೋ ಕೆಲಸ ಹಚ್ಚಿಕೊಳ್ಳುತ್ತಾರೆ. ನಾನು ಗಿಟಾರ್ ಹಿಡಿದು ಕೂತೆ. ರಫೀಕನ ಅದೇ ಬಿಟ್. ಬೆಳಿಗ್ಗೆ ಅದೇ, ಸಂಜೆ ಅದೇ. ಅಂಗೈ ಅಂಚು, ಬೆರಳ ತುದಿ, ಸಡಿಲ ಬಿಡುವುದು. ಮತ್ತೆ ಮೊದಲಿಂದ.

ಮೊನ್ನೆ ಭಾನುವಾರ ಬೆಳಿಗ್ಗೆ ಅದು ಬಂತು. ಪೂರ್ತಿ ಸ್ಪೀಡಿನಲ್ಲಿ, ಒಂದೇ ಉಸಿರಿನಲ್ಲಿ, ಒಂದೇ ಒಂದು ಬೇಡದ ಸದ್ದಿಲ್ಲದೆ. ವಯಸ್ಸಿನಲ್ಲಿ ಆಗದ್ದು ಈಗ ಆಯಿತು! ತಲೆ ಎತ್ತಿ ನೋಡಿದೆ. ಗಿರಿಜಾ ನಡುಮನೆಯಲ್ಲಿ ತುರಿಮಣೆ ಮುಂದೆ ಕೂತು ಕಾಯಿ ತುರಿಯುತ್ತಿದ್ದಳು. ಪೂರ್ತಿ ಕೇಳಿದ್ದಳು. ಚೆನ್ನಾಗಿದೆ ಅನ್ನುವ ಹಾಗೆ ತಲೆ ಆಡಿಸಿದಳು.

ಬರೀ ತಲೆ!

ನನಗೆ ಎಲ್ಲಿತ್ತೋ ಸಿಟ್ಟು. "ಬಾಯಿ ಬಿಟ್ಟು ಹೇಳಕ್ಕೇನು ರೋಗ ನಿಂಗೆ?" ಅಂದೆ. ಅವಳು ಮುಖ ತಗ್ಗಿಸಿ ಮತ್ತೆ ತುರಿಯತೊಡಗಿದಳು. ಅದು ಇನ್ನೂ ಉರಿಸಿತು. ಅದುಮಿ ಹಿಡಿದಿದ್ದ ಕೈ ಎರಡನ್ನೂ ತೆಗೆದುಬಿಟ್ಟೆ. ಅಂಗೈ ಇಲ್ಲ, ಬೆರಳಿಲ್ಲ. ಆರೂ ತಂತಿ ಬಟಾಬಯಲು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಕೈಗೆ ಬಂದಷ್ಟು ಸ್ಪೀಡಿನಲ್ಲಿ ಬಾರಿಸಿದೆ. ಬಾರಿಸಿದೆ ಅಂದರೆ ಬಾರಿಸಿದೆ. ಬೀದಿ ನಾಯಿ ಬೊಗಳಿತು. ಹಸು ಕೂಗಿತು. ಎದುರು ಮನೆಯವರು ಕಾಂಪೌಂಡಿನ ಮೇಲೆ ತಲೆ ಇಟ್ಟು ನೋಡಿದರು. ನಾನು ನಿಲ್ಲಿಸಲಿಲ್ಲ. ಮಕ್ಕಳ ಹಾಗೆ ಹಟಕ್ಕೆ ಬಿದ್ದಿದ್ದೆ.

"ಸಾಕ್ ನಿಲ್ಸ್ರೀ! ಕಿವಿ ತೂತು ಬೀಳ್ತದೆ!"

ನಾನು ನಿಲ್ಲಿಸಿ ಬಾಗಿಲ ಕಡೆ ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಯಾರೋ ಬಂದರು ಅಂದುಕೊಂಡೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ತಿರುಗಿದರೆ ಗಿರಿಜಾ ತುರಿಮಣೆ ಬಿಟ್ಟೆದ್ದು ನಿಂತಿದ್ದಳು. ಕೈಯಲ್ಲಿ ಅರ್ಧ ತುರಿದ ಹೋಳು. ಕಣ್ಣು ತುಂಬಿತ್ತು.

"ಕೇಳುದ್ರಲ್ಲ?" ಅಂದಳು. ದಪ್ಪ, ಒಡಕು, ಒರಟು ಧ್ವನಿ. "ಇಷ್ಟೇ ಇನ್ಮೇಲೆ. ಯಾರೋ ಗಂಡಸ್ರು ಮಾತಾಡ್ದಂಗೆ. ಇದ್ನ ಇಟ್ಕೊಂಡು ನಾಲ್ಕ್ ಜನದ ಮುಂದೆ ಹೆಂಗ್ರೀ ಬಾಯಿ ಬಿಡ್ಲಿ? ಹಸೂನೇ ಹೆದ್ರುಕೊಂಡ್ತು."

ನಾನು ಅತ್ತೆ. ಹೇಳಿಕೊಳ್ಳುವುದಕ್ಕೆ ನಾಚಿಕೆ ಇಲ್ಲ. ಗಿಟಾರ್ ಮೇಲೆ ತಲೆ ಇಟ್ಟುಕೊಂಡು ಅತ್ತೆ.

"ಏನಾದ್ರೂ ಹೇಳ್ರೀ. ಹೆಂಗಿದೆ?"

"ಗಿಟುಕು ತುರಿದಂಗೈತೆ" ಅಂದೆ. ಗಣಿತ ಮೇಷ್ಟ್ರ ಬಾಯಿ, ಇದ್ದದ್ದೇ ಬಂತು.

"ಸುಳ್ಳಾದ್ರೂ ಚೆನ್ನಾಗೈತೆ ಅನ್ಬಾರ್ದಾ?"

"ಚೆನ್ನಾಗೈತೆ ಕಣೇ."

"ಈಗ ಅಂದ್ರೆ ಏನ್ ಬಂತು ಭಾಗ್ಯ! ಕೇಳಿ ಹೇಳಿಸ್ಕೊಂಡಂಗಾಯ್ತು. ಒಂದ್ ತಿಂಗ್ಳಿಂದ ನೋಡ್ತಿದ್ದೀನಿ, ನೆಲದ್ ಮೇಲೆ ಒದ್ದೆ ಟವೆಲ್ಲು, ಕಾಫಿ ಲೋಟ ಜಗುಲಿ ಮೇಲೇ, ಕೊಟ್ಟಿಗೆ ದೀಪ ಹಗಲೂ ಉರೀತದೆ, ಹೇಳೋರಿಲ್ಲ ಕೇಳೋರಿಲ್ಲ ಅಂತ ಎಲ್ಲಾ ನಿಮ್ದೇ ರಾಜ್ಯ..."

ಶುರುವಾಯಿತು. ಒಂದು ತಿಂಗಳ ಬಾಕಿ. ನಾನು ಒದ್ದೆ ಟವೆಲ್ ಎತ್ತಿಕೊಂಡು ಅವಳ ಹಿಂದೆ ಹಿಂದೆ ಹೋದೆ. ಅಡುಗೆಮನೆಗೂ ಹೋದೆ, ಕೊಟ್ಟಿಗೆಗೂ ಹೋದೆ. ಕೊಟ್ಟಿಗೆಯಲ್ಲಿ ಹಸುವಿಗೂ ಪಾಲು ಸಿಕ್ಕಿತು. ಅದು ಕಿವಿ ಆಡಿಸಿತು, ಈ ಸಲ ಹಿಂದೆ ಸರಿಯಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಸಹನಾ. ಸ್ಪೀಕರ್ ಹಾಕಿದೆ.

"ಅಪ್ಪಾ, ಅಮ್ಮ ಹೇಗಿದಾಳೆ?" ಅಂತ ಕೇಳಿದವಳು ತಟ್ಟನೆ ನಿಂತಳು. "ಅಪ್ಪಾ, ಯಾರದು ಮನೇಲಿ ಮಾತಾಡ್ತಿರೋದು?"

ಗಿರಿಜಾಳ ಮಾತು ಅಲ್ಲಿಗೇ ನಿಂತಿತು. ಹಸು ಗುರುತು ಹಿಡಿಯಲಿಲ್ಲ ಅನ್ನುವುದು ಒಂದು. ಹೊಟ್ಟೆಯಲ್ಲಿ ಹುಟ್ಟಿದ ಮಗಳು? ಅವಳ ಕೈ ಗಂಟಲಿಗೆ ಹೋಯಿತು. ಮತ್ತೆ ಬಾಯಿ ಮುಚ್ಚಿಬಿಡುತ್ತಾಳೆ, ಮುಗಿಯಿತು ಅಂದುಕೊಂಡೆ.

"ಅಪ್ಪಾ? ಯಾರಪ್ಪಾ ಅದು?"

ಗಿರಿಜಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ನಾನು ಕಣೇ, ನಿಮ್ಮಮ್ಮ. ಧ್ವನಿ ಹೊಸದು, ಬೈಗುಳ ಎಲ್ಲಾ ಹಳೇವೇ!"

ಆ ಕಡೆ ಮಗಳು ಗೊಳೋ ಅಂತ ಅತ್ತಳು. ಅತ್ತಿದ್ದಕ್ಕೂ ಬೈಸಿಕೊಂಡಳು.